ಮಳೆಯ ಸದ್ದಿಗೆ ಎದುರಾಗಿ: ರಾಕ್ ಆಲ್ಬಂ ಮತ್ತು ಹಾಸ್ಯ ಪಾಡ್‌ಕಾಸ್ಟ್

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನನ್ನು ಕೇಳಲು ಕುಳಿತರೂ ಅದು ಮೊದಲು ಮಳೆಯೊಡನೆ ಪೈಪೋಟಿಗೆ ಇಳಿಯಬೇಕು. ಶೀಟಿನ ಮಾಡಿನ ಮೇಲೆ ಬೀಳುವ ನೀರಿನ ಸದ್ದು ಒಂದೇ ಸಮನೆ ಕಿವಿ ತುಂಬುವುದರಿಂದ ಮೆಲುದನಿಯಲ್ಲಿರುವುದೆಲ್ಲ ಅದರೊಳಗೆ ಮುಳುಗಿಹೋಗುತ್ತದೆ. ನನಗೆ ಪ್ರಿಯವಾದ ಕೆಲವು ರಾಕ್ ಆಲ್ಬಂಗಳನ್ನೂ ಹೆಸರಾಂತ ಹಾಸ್ಯ ಪಾಡ್‌ಕಾಸ್ಟ್‌ಗಳನ್ನೂ ಮಡಿಕೇರಿ ಬಳಿಯ ತೋಟದ ಮನೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಮತ್ತು ಸಂಪಾಜೆ ಘಾಟಿಯ ದಾರಿಯಲ್ಲಿ ಕೇಳುತ್ತಾ ಬಂದಿರುವ ನನಗೆ, ಎರಡರ ಬಲಾಬಲವೂ ಕೇಳುವ ಜಾಗಕ್ಕೆ ತಕ್ಕಂತೆ ಬದಲಾಗುವುದು ಸ್ಪಷ್ಟವಾಗಿ ಕಂಡಿದೆ.

ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ 1973ರಲ್ಲಿ ಹೊರಬಂದ ಆಲ್ಬಂ. ಅದು ಎದೆಬಡಿತದ ಸದ್ದಿನಿಂದ ಆರಂಭವಾಗಿ ಎದೆಬಡಿತದಲ್ಲಿಯೇ ಮುಗಿಯುತ್ತದೆ. ಸದ್ದು ಬಹಳ ಸಣ್ಣದಾಗಿ ಹುಟ್ಟಿ ನಿಧಾನವಾಗಿ ಬೆಳೆಯುವುದರಿಂದ, ಜುಲೈ ತಿಂಗಳ ಮಳೆಯಲ್ಲಿ ಸ್ಪೀಕರ್ ಹಚ್ಚಿ ಕೂತರೆ ಆರಂಭವೇ ಕೇಳಿಸುವುದಿಲ್ಲ. ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದಿದ್ದ ಗಂಟೆಗಳು ‘ಟೈಮ್’ ಹಾಡಿನ ಮೊದಲಿಗೆ ಒಟ್ಟಿಗೆ ಮೊಳಗುವಾಗ ಮಾತ್ರ ಮಳೆ ಸೋಲುತ್ತದೆ. 1975ರ ‘ವಿಶ್ ಯು ವರ್ ಹಿಯರ್’ ಆಲ್ಬಂನ ಪಾಡು ಇನ್ನೂ ಕಷ್ಟದ್ದು. ಅದರ ಶೀರ್ಷಿಕೆ ಗೀತೆಯಲ್ಲಿ ಮೊದಲು ಕೇಳುವ ಗಿಟಾರ್ ಹಳೆಯ ರೇಡಿಯೋದಿಂದ ಬರುತ್ತಿರುವಂತೆ ಸಣಕಲಾಗಿದ್ದು, ಅದರ ಮೇಲೆ ಎರಡನೆಯ ಗಿಟಾರ್ ತುಂಬು ನಾದದಿಂದ ಪಕ್ಕದಲ್ಲಿಯೇ ಕುಳಿತು ನುಡಿಸಿದಂತೆ ಕೇಳಿಸುತ್ತದೆ. ಹಾಡಿನ ಜೀವವೆಲ್ಲ ಆ ಎರಡರ ನಡುವಿನ ಅಂತರದಲ್ಲಿದೆ, ಮಳೆ ಮೊದಲು ಅಳಿಸುವುದೂ ಅದನ್ನೇ. ಹೀಗಾಗಿ ಈ ಎರಡು ಆಲ್ಬಂಗಳನ್ನು ಹುತ್ತರಿಯ ನಂತರದ ಚಳಿಯ ರಾತ್ರಿಗಳಿಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮಳೆಗಾಲಕ್ಕೆ ಹೇಳಿಮಾಡಿಸಿದ್ದು ಲೆಡ್ ಜೆಪ್ಲಿನ್ ತಂಡದ 1971ರ ನಾಲ್ಕನೆಯ ಆಲ್ಬಂ. ಅದರ ಕೊನೆಯ ಹಾಡಾದ ‘ವೆನ್ ದ ಲೆವೀ ಬ್ರೇಕ್ಸ್’ಗಾಗಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ ಡ್ರಮ್ಸ್ ಇರಿಸಿ, ಮೈಕ್‌ಗಳನ್ನು ಮೇಲಿನಿಂದ ಇಳಿಬಿಟ್ಟು ಮುದ್ರಿಸಿದರು. ಆದ್ದರಿಂದ ತಂಡದ ಡ್ರಮ್ಸ್ ವಾದಕ ಜಾನ್ ಬಾನಮ್ ಅವರ ಪ್ರತಿಯೊಂದು ಪೆಟ್ಟಿನೊಡನೆ ಆ ಕಟ್ಟಡದ ಎತ್ತರವೂ ಕೇಳಿಸುತ್ತದೆ, ಮತ್ತು ಎಂತಹ ಮಳೆಗೂ ಅದು ಜಗ್ಗುವುದಿಲ್ಲ. 1927ರ ಮಿಸ್ಸಿಸ್ಸಿಪ್ಪಿ ಪ್ರವಾಹವನ್ನು ಕುರಿತು ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ 1929ರಲ್ಲಿ ಮುದ್ರಿಸಿದ ಬ್ಲೂಸ್ ಹಾಡೇ ಇದರ ಮೂಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಜೋಡುಪಾಲದಂತಹ ಊರುಗಳು ಮನೆಮಠ ಕಳೆದುಕೊಂಡುದನ್ನು ಕಂಡ ಜಿಲ್ಲೆಯಲ್ಲಿ ಕುಳಿತು, ಕಟ್ಟೆಯೊಡೆದು ನೆಲೆ ತಪ್ಪಿದವರ ಈ ಹಾಡನ್ನು ಬರಿಯ ಡ್ರಮ್ಸ್‌ಗಾಗಿ ಕೇಳುವುದು ನನಗೆ ಸಾಧ್ಯವಾಗಿಲ್ಲ.

ಪಾಡ್‌ಕಾಸ್ಟ್‌ಗಳಿಗೆ ಮಳೆಯ ತೊಂದರೆ ಕಡಿಮೆ. ಮಾತಿನ ಏರಿಳಿತ ಅಷ್ಟೇನೂ ದೊಡ್ಡದಲ್ಲ, ಮೈಕ್ ಬಾಯಿಗೆ ಹತ್ತಿರವಿರುತ್ತದೆ, ಧ್ವನಿಯ ಮಟ್ಟ ಒಂದೇ ಹದದಲ್ಲಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಕಣದ ತುಂಬ ಹರಡಿದ ರೋಬಸ್ಟಾ ಹಣ್ಣನ್ನು ಆಗಾಗ ತಿರುವಿಹಾಕುತ್ತಾ ಬಿಸಿಲಿನಲ್ಲಿ ಕಳೆಯಬೇಕಾದ ಹೊತ್ತಿಗೆ ಇವುಗಳಿಗಿಂತ ಒಳ್ಳೆಯ ಜೊತೆ ಬೇರೆ ಸಿಗದು. ಬ್ರಿಟನ್ನಿನ ‘ಕ್ಯೂಐ’ ಎಂಬ ಟಿವಿ ರಸಪ್ರಶ್ನೆ ಕಾರ್ಯಕ್ರಮದ ಸಂಶೋಧಕರು 2014ರಲ್ಲಿ ಆರಂಭಿಸಿದ ‘ನೋ ಸಚ್ ಥಿಂಗ್ ಆ್ಯಸ್ ಅ ಫಿಶ್’ನಲ್ಲಿ ನಾಲ್ವರು ತಲಾ ಒಂದು ವಿಚಿತ್ರ ಸಂಗತಿಯನ್ನು ಹೊತ್ತು ತರುತ್ತಾರೆ, ನಗು ಆ ಸಂಗತಿಯಿಂದಲೇ ಹುಟ್ಟುತ್ತದೆ. 2018ರಲ್ಲಿ ಆರಂಭವಾದ ‘ಕೋನನ್ ಓಬ್ರಿಯನ್ ನೀಡ್ಸ್ ಅ ಫ್ರೆಂಡ್’ನಲ್ಲಿ ಅತಿಥಿಗಳು ಅಮೆರಿಕದ ತಾರೆಯರು. ಅವರ ಪರಿಚಯವಿಲ್ಲದವರಿಗೆ ಅರ್ಧ ಹಾಸ್ಯ ದಕ್ಕುವುದಿಲ್ಲ, ಆದರೆ ನಿರೂಪಕ ಕೋನನ್ ತಮ್ಮ ಸಹಾಯಕಿ ಸೋನಾ ಮೊವ್ಸೇಸಿಯನ್ ಅವರೊಡನೆ ನಡೆಸುವ ಜಗಳ ಎಲ್ಲ ಮನೆಗಳಲ್ಲಿಯೂ ನಡೆಯುವಂತಹುದು. ಇವೆರಡರಲ್ಲಿ ನನ್ನ ಆಯ್ಕೆ ಮೊದಲನೆಯದು, ಏಕೆಂದರೆ ಅದು ಕೇಳುಗನಿಂದ ಯಾವ ಹಿಂದಿನ ಪರಿಚಯವನ್ನೂ ಬಯಸುವುದಿಲ್ಲ.

ಆದರೂ ಎರಡನೆಯ ಸಲ ಕೇಳುವಾಗ ಪಾಡ್‌ಕಾಸ್ಟ್ ಸೋಲುತ್ತದೆ. ಇದಕ್ಕೆ ಕಾರಣ ಹಾಸ್ಯವೇ ಎನ್ನಲಾಗದು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಮಾತು ಮಾತೂ ಬಾಯಿಗೆ ಬರುವಷ್ಟು ಕೇಳಿದ ನಂತರವೂ ಕನ್ನಡಿಗರು ನಕ್ಕಿದ್ದಾರೆ. ಅಲ್ಲಿ ಮಾತಿನ ಓಟ, ತಡೆ, ಏಟು ಎಲ್ಲವೂ ರಂಗದ ಮೇಲೆ ವರ್ಷಗಟ್ಟಲೆ ಪಳಗಿದ್ದವು. ಪಾಡ್‌ಕಾಸ್ಟ್‌ನ ಹಾಸ್ಯ ಆ ಕ್ಷಣದಲ್ಲಿ ಹುಟ್ಟಿದ್ದು, ಆ ತಾಜಾತನವೇ ಅದರ ಸೊಗಸು ಮತ್ತು ಅದರ ಮಿತಿ. ರಾಕ್ ಆಲ್ಬಂ ‘ಲಂಚಾವತಾರ’ದ ಪಂಗಡಕ್ಕೆ ಸೇರಿದ್ದು. ಹಾಡುಗಳ ಅನುಕ್ರಮವನ್ನು ಕೂಡ ಯಾರೋ ಕುಳಿತು ತೂಗಿ ನೋಡಿರುತ್ತಾರೆ, ಅದಕ್ಕಾಗಿಯೇ ಹಾಡುಗಳ ಕ್ರಮವನ್ನು ಕಲಸುವ ಶಫಲ್ ಗುಂಡಿ ಒತ್ತಿ ಆಲ್ಬಂ ಕೇಳುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಕನ್ನಡದ ಮಟ್ಟಿಗೆ ಹೋಲಿಕೆ ಬೇರೆಯಾಗುತ್ತದೆ. ಕನ್ನಡದ ಪಾಡ್‌ಕಾಸ್ಟ್ ‘ತಲೆ-ಹರಟೆ’ ಪೂರ್ಣವಾಗಿ ಹಾಸ್ಯದ ಪಾಡ್‌ಕಾಸ್ಟ್ ಅಲ್ಲ, ವಿಚಾರದ ಹರಟೆ. ಆದರೂ ನಗು ನಮ್ಮ ಭಾಷೆಯಲ್ಲಿ ಬಂದಾಗ ಅರ್ಥಮಾಡಿಕೊಳ್ಳುವ ಶ್ರಮವಿರುವುದಿಲ್ಲ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ, ತತ್ವಪದದ ಕುಚೋದ್ಯಕ್ಕೆ ಗಿಟಾರ್ ಎಷ್ಟು ಸಹಜವಾಗಿ ಒಗ್ಗುತ್ತದೆಂಬುದನ್ನು ಅದರಲ್ಲಿ ಕೇಳಬೇಕು.

ಘಾಟಿಯ ದಾರಿಗೆ ಪಾಡ್‌ಕಾಸ್ಟ್ ಹೊಂದುತ್ತದೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಸಂಪಾಜೆಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಗಮನವೆಲ್ಲ ರಸ್ತೆಯ ಮೇಲಿರಬೇಕು, ಅಷ್ಟರಲ್ಲಿ ಒಂದು ವಾಕ್ಯ ತಪ್ಪಿದರೆ ಮುಂದಿನ ನಗು ಯಾತಕ್ಕೆಂದು ತಿಳಿಯದು. ಹಾಡು ಹಾಗಲ್ಲ, ಎರಡು ತಿರುವು ಕಳೆದು ಮರಳಿ ಕಿವಿಗೊಟ್ಟರೂ ತಾಳ ಅಲ್ಲಿಯೇ ಇರುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಮಡಿಕೇರಿ ಬಿಡುವ ಮೊದಲೇ ಆಲ್ಬಂ ಅನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು, ಹಾಡುಗಳ ನಡುವೆ ಬಿಡುವು ಬಾರದಂತೆ ಆ್ಯಪ್‌ನಲ್ಲಿ ಹೊಂದಿಸಿಕೊಳ್ಳಬೇಕು. ಮನೆಯವರೆಲ್ಲ ಜೊತೆಗಿದ್ದರೆ ರಘು ದೀಕ್ಷಿತ್, ಒಬ್ಬರೇ ಇಳಿಯುವುದಾದರೆ ಲೆಡ್ ಜೆಪ್ಲಿನ್.