ಮಳೆಗಾಲದ ಮೂರು ತಿಂಗಳು ಬಳಸಿದ ಚೆನ್ನೆಮಣೆ

ಕಳೆದ ಜೂನ್ ಕೊನೆಯಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದಾಗ, ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ 1,150 ರೂಪಾಯಿ ಕೊಟ್ಟು ಮರದ ಚೆನ್ನೆಮಣೆಯೊಂದನ್ನು ತಂದೆ. ಗುಳಿಗಳಲ್ಲಿ ಬೀಜದ ಕಾಯಿಗಳನ್ನು ಹಾಕಿ ಆಡುವ ಈ ಮಣೆಯನ್ನೇ ಬೇರೆ ಕಡೆ ಅಳಗುಳಿಮಣೆ ಎಂದು ಕರೆಯುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೂರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆಂಬ ಚಿಂತೆಯಿಂದಲೇ ಕೊಂಡದ್ದರಿಂದ, ಮರ ಮತ್ತು ಕೆತ್ತನೆಯ ಗುಣದ ಜೊತೆಗೆ ಆ ಕೆಲಸಕ್ಕೆ ಇದು ಎಷ್ಟು ಒದಗಿತು ಎಂಬುದನ್ನೂ ಹೇಳಬೇಕಾಗಿದೆ.

ನಮ್ಮ ಮನೆಗೆ ಎರಡನೆಯ ಮೊಬೈಲ್ ಬಂದದ್ದು 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದಾಗ. ಆಗ ಮಗಳು ಎರಡನೆಯ ತರಗತಿ. ಮನೆಯೊಳಗೆ ಸಿಗ್ನಲ್ ಸಿಗದೆ, ಕೊಡೆ ಹಿಡಿದು ಅವಳನ್ನು ಹಿಂದಿನ ಗುಡ್ಡಕ್ಕೆ ಕರೆದೊಯ್ದು ಪಾಠ ಕೇಳಿಸಿದವನು ನಾನೇ. ಶಾಲೆ ತೆರೆಯಿತು, ಊರಿಗೆ ಸಿಗ್ನಲ್ಲೂ ಬಂತು, ಮೊಬೈಲ್ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಹೋಮ್‌ವರ್ಕ್ ಈಗಲೂ ವಾಟ್ಸಾಪ್ ಗುಂಪಿಗೇ ಬರುವುದರಿಂದ, ಕೊಡುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವಳನ್ನು ನೋಡಿ ಕಲಿತ ನಾಲ್ಕು ವರ್ಷದ ಮಗನಿಗೆ ವಿಡಿಯೊ ಹಾಕಿಕೊಡದೆ ತುತ್ತು ಇಳಿಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಈ ವಯಸ್ಸಿನ ಮಗು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮಲ್ಲಿ ಆ ಒಂದು ಗಂಟೆ ಊಟ ತಿಂಡಿಯಲ್ಲೇ ಮುಗಿದುಹೋಗುತ್ತಿತ್ತು. ಮೊಬೈಲಿನೊಳಗೇ ಇರುವ ಸಮಯಮಿತಿಯ ಬೀಗವನ್ನೂ ಹಾಕಿ ನೋಡಿದೆವು. ಬೀಗ ಬಿದ್ದೊಡನೆ ಮಗ ರಂಪ ಮಾಡುತ್ತಿದ್ದ, ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಖಾಲಿಯಾದ ಆ ಹೊತ್ತಿನಲ್ಲಿ ಅವರ ಕೈಗೆ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ.

ಇನ್ನು ಮಣೆಯ ವಿಷಯ. ಹಲಸಿನ ಮರವೆಂದು ಅಂಗಡಿಯವರು ಹೇಳಿದರು. ಬಣ್ಣ ಮತ್ತು ತೂಕ ನೋಡಿದರೆ ನಂಬಬಹುದು. ಬದಿಗೆ 7ರಂತೆ 14 ಗುಳಿಗಳು, ನಡುವೆ ಉದ್ದಕ್ಕೆ ಮಡಚಲು ಹಿತ್ತಾಳೆಯ ಬಿಜಾಗರಿ. ನೋಡಲು ಅಂದವಾಗಿದೆ. ಆದರೆ ಗುಳಿಗಳ ಆಳ ಸಾಲದು: ಆಟ ಮುಂದುವರಿದು ಒಂದೇ ಗುಳಿಯಲ್ಲಿ ಹತ್ತು ಹನ್ನೆರಡು ಕಾಯಿ ಸೇರಿದರೆ ಮೇಲಿನವು ಪಕ್ಕಕ್ಕೆ ಉರುಳುತ್ತವೆ. ಅಂಚುಗಳಿಗೆ ಸರಿಯಾಗಿ ಉಜ್ಜುಕಾಗದ ಹಾಕಿರಲಿಲ್ಲವಾದ್ದರಿಂದ ಮೊದಲ ದಿನವೇ ಮಗನ ಬೆರಳಿಗೆ ಸಿಬಿರು ಚುಚ್ಚಿತು. ಆಟದ ಕ್ರಮವನ್ನು ತಿಳಿಸುವ ಚೀಟಿಯೂ ಜೊತೆಯಲ್ಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಆಕ್ಷೇಪ ಜೊತೆಗೆ ಕೊಟ್ಟ ಕಾಯಿಗಳ ಬಗ್ಗೆ. ಪೊಟ್ಟಣದಲ್ಲಿದ್ದದ್ದು ಕೆಂಪು ಗುಲಗಂಜಿ. ಅದರ ಬೀಜದಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ; ಗಟ್ಟಿ ಸಿಪ್ಪೆ ಒಡೆಯುವಂತೆ ಮಗು ಅಗಿದರೆ ಪ್ರಾಣಕ್ಕೇ ಅಪಾಯ. ಹಿಂದಿನವರು ಇದರಲ್ಲೇ ಆಡುತ್ತಿದ್ದರು ನಿಜ, ಆದರೆ ಮಕ್ಕಳ ಆಟದ ಸಾಮಾನೆಂದು ಮಾರುವವರು ಒಂದು ಮಾತಾದರೂ ಎಚ್ಚರಿಸಬೇಕಿತ್ತು. ಅಮ್ಮ ಪೊಟ್ಟಣವನ್ನು ಕಂಡವರೇ ತೆಗೆದಿಟ್ಟು, ಅಡುಗೆಮನೆಯಿಂದ ಹುಣಸೆಬೀಜ ತಂದು ಎಣಿಸಿ ಕೊಟ್ಟರು. ಗಂಟಲಿಗೆ ಸಿಕ್ಕುವ ಭಯ ಹುಣಸೆಬೀಜಕ್ಕೂ ಇದೆ; ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಿರಿಯರು ಪಕ್ಕದಲ್ಲಿಲ್ಲದೆ ಯಾವ ಕಾಯಿಯನ್ನೂ ಹೊರಗಿಡಬಾರದು.

ನಮ್ಮಲ್ಲಿ ಆಡುವ ಕ್ರಮದಲ್ಲಿ ಗುಳಿಗೆ 4ರಂತೆ ಒಟ್ಟು 56 ಕಾಯಿ ಬೇಕು. ತನ್ನ ಬದಿಯ ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಯಬೇಕು. ಆ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರಿಗೆ. ಇದನ್ನು ಕಲಿಸಿದವರು ಅಮ್ಮ. ಹೊಸನಗರದ ಕಡೆಯ ತವರಿನಲ್ಲಿ ಆಷಾಢದ ಮಳೆಯಲ್ಲಿ ಆಡಿದ್ದು ಬಿಟ್ಟರೆ ನಲವತ್ತು ವರ್ಷ ಮುಟ್ಟಿರಲಿಲ್ಲವಂತೆ. ಮಗಳು ಬೆರಳಿಟ್ಟು ಎಣಿಸುವಷ್ಟರಲ್ಲಿ ಅವರು ಕಣ್ಣಲ್ಲೇ ಲೆಕ್ಕ ಮುಗಿಸಿ, “ಅದ್ನ ಎತ್ತಬೇಡ ಪುಟ್ಟೀ, ನಂಗೇ ಬತ್ತದೆ” ಎನ್ನುತ್ತಿದ್ದರು. ಅಜ್ಜಿಯನ್ನು ಸೋಲಿಸಲೇಬೇಕೆಂಬ ಹಟದಲ್ಲಿ ಮಗಳು ಶಾಲೆಯಿಂದ ಬಂದವಳೇ ಜಗಲಿಯಲ್ಲಿ ಕೂರತೊಡಗಿದಳು. ಅವಳ ಬದಿಯ ಕಾಯಿ ಎಣಿಸಿಕೊಡುವ ಕೆಲಸ ಸಿಕ್ಕ ಮೇಲೆ ಮಗ ವಿಡಿಯೊ ಇಲ್ಲದೆಯೂ ಅಲ್ಲೇ ಕುಳಿತು ಉಣ್ಣುತ್ತಾನೆ.

ಈ ಮಣೆಯ ಮುಂದೆ ಇನ್ನೊಬ್ಬರು ಕೂರದೆ ಆಟವೇ ಇಲ್ಲ, ಅದೇ ಇದರ ನಿಜವಾದ ಬೆಲೆ ಎಂದು ನನಗನ್ನಿಸಿದೆ. ಸಂಜೆಯಾದರೆ ನಾನು ಅಡಿಕೆ ಧಾರಣೆ ನೋಡಲೆಂದು ಮೊಬೈಲ್ ತೆಗೆಯುತ್ತೇನೆ. ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ನೋಡಲು ಎರಡು ನಿಮಿಷ ಸಾಕು, ಆದರೆ ಆಮೇಲೆ ಅರ್ಧ ಗಂಟೆ ಬೇರೇನನ್ನೋ ನೋಡುತ್ತ ಕೂತಿರುತ್ತೇನೆ. ಜುಲೈನಲ್ಲಿ ಒಂದು ಸಂಜೆ ಅಮ್ಮನಿಗೆ ಜ್ವರವಿತ್ತು. ಮಗಳು ಮಣೆ ತಂದು ನನ್ನ ಮುಂದಿಟ್ಟು, ಕಾಯಿಗಳನ್ನು ಹಾಕಿ, ನಾನು ತಲೆ ಎತ್ತುವವರೆಗೆ ಸುಮ್ಮನೆ ಕಾದಿದ್ದಳು. ಎಷ್ಟು ಹೊತ್ತು ಕಾದಳೋ ನನಗೆ ಗೊತ್ತಾಗಲಿಲ್ಲ. ಅಂದಿನಿಂದ ಧಾರಣೆಯನ್ನು ಬೆಳಿಗ್ಗೆಯ ಪತ್ರಿಕೆಯಲ್ಲೇ ನೋಡುತ್ತಿದ್ದೇನೆ.

ಇದರಿಂದ ಮೊಬೈಲ್ ಮನೆಯಿಂದ ದೂರವಾಗಿದೆಯೆಂದು ತಿಳಿಯಬಾರದು. ಮಳೆಗೆ ರಜೆ ಘೋಷಿಸಿದ ದಿನಗಳಲ್ಲಿ, ಅಮ್ಮ ಅಡುಗೆಮನೆಯಲ್ಲೂ ನಾವು ಗಂಡಹೆಂಡತಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟದಲ್ಲೂ ಇದ್ದಾಗ, ಮಣೆ ಮೂಲೆಯಲ್ಲಿರುತ್ತದೆ, ಮೊಬೈಲ್ ಮಕ್ಕಳ ಕೈಯಲ್ಲಿರುತ್ತದೆ. ಜೊತೆಗೆ ಕೂರಲು ಹಿರಿಯರಿಗೆ ಬಿಡುವಿಲ್ಲದ ಮನೆಯವರು ಇದನ್ನು ಕೊಂಡು ನಿರಾಶರಾಗಬಹುದು. ಕರೆಂಟ್ ಹೋದ ರಾತ್ರಿಗಳಲ್ಲಿ ಮಾತ್ರ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ಎಮರ್ಜೆನ್ಸಿ ಲೈಟಿನ ಸುತ್ತ ಎಲ್ಲರೂ ಸೇರುತ್ತಿದ್ದೆವು.

ಕೊಳ್ಳುವವರು ಮಡಚುವ ಮಣೆಗಿಂತ ಒಂದೇ ತುಂಡಿನಲ್ಲಿ ಕೊರೆದದ್ದನ್ನು ಕೇಳುವುದು ಒಳ್ಳೆಯದು, ಏಕೆಂದರೆ ಆಗಸ್ಟ್ ಹೊತ್ತಿಗೆ ಮರ ಉಬ್ಬಿ ನಮ್ಮ ಬಿಜಾಗರಿ ಬಿಗಿಯಾಯಿತು. ಗುಳಿಗಳಲ್ಲಿ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಟ್ಟರೆ ಸರಿಹೋಗುತ್ತದೆ.