ಕೈಗೆ ಕೊಡೋದಾ, ಆಟಕ್ಕೆ ಕಟ್ಟೋದಾ? ಕ್ರ್ಯಾಪ್ಸ್ ಮೇಜಿನಲ್ಲಿ ಟಿಪ್ಸ್ ಕೊಟ್ಟು ನೋಡಿದ್ದು

ಲಾಸ್ ವೇಗಸ್‌ನಲ್ಲಿ ಕ್ರ್ಯಾಪ್ಸ್ ಅನ್ನುವ ದಾಳದ ಜೂಜಿನ ಮೇಜಿನ ಮುಂದೆ ಮೊದಲ ಸಲ ನಿಂತಾಗ ನೂರು ಡಾಲರ್ ನೋಟನ್ನು ಆಟ ಆಡಿಸುವ ಡೀಲರ್ ಕೈಗೇ ಕೊಡಲು ಹೋದೆ. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಆತ ಕೈ ಹಿಂದಕ್ಕೆ ಎಳೆದುಕೊಂಡ. "ಕೆಳಗಿಡಿ ಸರ್" ಅಂತ ಮೇಜಿನ ಬಟ್ಟೆ ತೋರಿಸಿದ. ಮೇಲಿರುವ ಕ್ಯಾಮೆರಾಕ್ಕೆ ಎಲ್ಲಾ ಕಾಣಬೇಕು. ಅದಕ್ಕೇ ಕೈಯಿಂದ ಕೈಗೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಚಿಪ್ಸ್, ಅಂದರೆ ದುಡ್ಡಿನ ಬದಲು ಕಟ್ಟುವ ಬಿಲ್ಲೆ, ಕೊಳ್ಳುವ ದುಡ್ಡಾದರೂ ಅಷ್ಟೇ, ಟಿಪ್ಸ್ ಆದರೂ ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಭಾವ, "ನಿಧಾನಕ್ಕೆ ನೋಡಿಕೊಂಡು ಆಡಪ್ಪಾ" ಅಂದರು.

ಭಾವ ಇಪ್ಪತ್ತು ವರ್ಷದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾರೆ. ವರ್ಷಕ್ಕೊಮ್ಮೆ ವೇಗಸ್‌ಗೆ ಹೋಗುವುದು ಅವರ ಅಭ್ಯಾಸ. ಅವರ ಜೊತೆ ನಾನು ಮೂರು ಸಲ ಹೋಗಿದ್ದೇನೆ, ಒಟ್ಟು ಏಳು ರಾತ್ರಿ ಆಡಿದ್ದೇನೆ. ಆಟದಲ್ಲಿ ಕಲಿತದ್ದು ಕಮ್ಮಿ. ಟಿಪ್ಸ್ ಕೊಡುವುದರಲ್ಲಿ ಮಾತ್ರ ನಾಲ್ಕು ದಾರಿಗಳನ್ನು ಕೈಯಾರೆ ಪ್ರಯೋಗ ಮಾಡಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ದಾಳ, ಎಸೆಯುವವನು ಶೂಟರ್. ಮೊದಲ ಗರದಲ್ಲಿ 7 ಅಥವಾ 11 ಬಿದ್ದರೆ ಪಾಸ್ ಲೈನ್‌ಗೆ, ಅಂದರೆ ಶೂಟರ್ ಗೆಲ್ಲಲಿ ಅಂತ, ಕಟ್ಟಿದವರು ಗೆದ್ದರು. 2, 3, 12 ಬಿದ್ದರೆ ಹೋಯಿತು. ಬೇರೆ ಯಾವುದೇ ಸಂಖ್ಯೆ ಬಿದ್ದರೆ ಅದು ಪಾಯಿಂಟ್. 7 ಬರುವುದಕ್ಕೆ ಮುಂಚೆ ಅದು ಮತ್ತೆ ಬರಬೇಕು. ದೊಡ್ಡ ಮೇಜಿನಲ್ಲಿ ಆಚೆ ಒಬ್ಬ, ಈಚೆ ಒಬ್ಬ ಡೀಲರ್. ಮಧ್ಯೆ ಉದ್ದ ಕೋಲು ಹಿಡಿದ ಸ್ಟಿಕ್‌ಮನ್. ಅವನ ಎದುರಿಗೆ ಕೂತು ಎಲ್ಲರ ಮೇಲೂ ಕಣ್ಣಿಟ್ಟಿರುವವನು ಬಾಕ್ಸ್‌ಮನ್. ಟಿಪ್ಸ್ ಹೋಗುವುದು ಡೀಲರ್‌ಗಳಿಗೆ. ಕೋಲು ಹಿಡಿಯುವವನೂ ಡೀಲರೇ, ಸರದಿ ಬದಲಾಗುತ್ತಾ ಇರುತ್ತದೆ. ಅವರ ಭಾಷೆಯಲ್ಲಿ ಟಿಪ್ಸ್‌ಗೆ 'ಟೋಕ್' ಅನ್ನುತ್ತಾರೆ. ಸಾಮಾನ್ಯವಾಗಿ ಅದು ಒಬ್ಬರ ಜೇಬಿಗೆ ಹೋಗುವುದಿಲ್ಲ, ಒಟ್ಟು ಹಾಕಿ ಹಂಚಿಕೊಳ್ಳುತ್ತಾರೆ. ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಟಿಪ್ಸ್ ಬರುತ್ತದೆ ಅಂತ ಕನಿಷ್ಠ ಸಂಬಳಕ್ಕಿಂತ ಕಮ್ಮಿ ಕೊಡುವ ಹಾಗಿಲ್ಲ. ಆ ಕನಿಷ್ಠ 2024ರ ಜುಲೈನಿಂದ ಗಂಟೆಗೆ 12 ಡಾಲರ್. ಎಷ್ಟೋ ಡೀಲರ್‌ಗಳ ಮೂಲ ಸಂಬಳ ಅದರ ಆಸುಪಾಸಿನಲ್ಲೇ ಇರುತ್ತದೆ. ಮನೆ ನಡೆಯುವುದು ಟೋಕ್‌ನಿಂದ.

ಮೊದಲನೆಯದು ಭಾವನ ದಾರಿ: ಆಟ ಮುಗಿಸಿ ಏಳುವಾಗ ಕೊಡುವುದು. "ಊಟ ಆದ್ಮೇಲೆ ತಾನೆ ಟಿಪ್ಸ್ ಕೊಡೋದು? ಎಲೆ ಹಾಕಿದಾಗ್ಲೇ ಯಾರು ಕೊಡ್ತಾರೋ?" ಅನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಚಿಪ್ಸ್ ಎಲ್ಲಾ ಡೀಲರ್ ಮುಂದೆ ಇಟ್ಟು ದೊಡ್ಡ ಚಿಪ್ಸ್‌ಗೆ ಬದಲಾಯಿಸಿಕೊಳ್ಳುವಾಗ ಎರಡು ಕೆಂಪು ಚಿಪ್ಸ್, ಅಂದರೆ ಹತ್ತು ಡಾಲರ್, ಬಟ್ಟೆಯ ಮೇಲೇ ಬಿಟ್ಟು "ಫಾರ್ ದ ಡೀಲರ್ಸ್" ಅಂದರೆ ಆಯಿತು. ಡೀಲರ್ ಅದನ್ನೆತ್ತಿ, ಬಾಕ್ಸ್‌ಮನ್‌ಗೆ ಕೇಳುವ ಹಾಗೆ ಟಕ್ ಟಕ್ ಅಂತ ತಟ್ಟಿ, ಡಬ್ಬಿಗೆ ಹಾಕುತ್ತಾನೆ. ಹತ್ತಕ್ಕೆ ಹತ್ತೂ ಅವರಿಗೇ. ಕ್ಯಾಸಿನೋಗೆ ಒಂದು ಪೈಸೆ ಹೋಗುವುದಿಲ್ಲ.

ತೊಂದರೆ ನನಗೆ ಮೊದಲ ರಾತ್ರಿಯೇ ಗೊತ್ತಾಯಿತು. ಮುನ್ನೂರು ಡಾಲರ್ ತಂದಿದ್ದೆ, ಮೇಜಿನ ಕನಿಷ್ಠ 15. ಎರಡು ಗಂಟೆಯಲ್ಲಿ ಎಲ್ಲಾ ಖಾಲಿ. ಅಷ್ಟೂ ಹೊತ್ತು ನನ್ನ ಕಡೆಯ ಡೀಲರ್, ನಡುವಯಸ್ಸಿನ ಹೆಂಗಸು, ಪಾಠ ಹೇಳಿಕೊಟ್ಟ ಹಾಗೆ ಆಡಿಸಿದ್ದಳು. "ಆಡ್ಸ್ ಮರೆತಿರಿ ಸರ್" ಅಂತ ಮೂರು ಸಲ ನೆನಪಿಸಿದಳು. ಆಡ್ಸ್ ಅಂದರೆ ಪಾಯಿಂಟ್ ಆದ ಮೇಲೆ ಪಾಸ್ ಲೈನ್ ಹಿಂದೆ ಕಟ್ಟುವ ಹೆಚ್ಚುವರಿ ದುಡ್ಡು. ಅದರಲ್ಲಿ ಕ್ಯಾಸಿನೋಗೆ ಲಾಭವೇ ಇಲ್ಲ. ಅಂಥಾ ಮಾತು ಹೇಳಿಕೊಟ್ಟವಳಿಗೆ ಕೊಡಲು ನನ್ನ ಹತ್ತಿರ ಒಂದು ಡಾಲರಿನ ಬಿಳಿ ಚಿಪ್ ಕೂಡ ಉಳಿದಿರಲಿಲ್ಲ. ಥ್ಯಾಂಕ್ಸ್ ಅಂತ ಹೇಳಿ ಬಂದೆ. ಲಿಫ್ಟ್‌ನಲ್ಲಿ ಹೋಗುವಾಗಲೂ ಮುಖ ಸಣ್ಣದಾಗಿತ್ತು. ಕೊನೆಗೆ ಕೊಡುತ್ತೇನೆ ಅನ್ನುವವರು ಸೋತರೆ ಕೊಡುವುದೇ ಇಲ್ಲ, ನೋಡಿ. ಉಳಿದಿದ್ದರೂ ಇನ್ನೊಂದು ಸಮಸ್ಯೆ. ಡೀಲರ್‌ಗಳು ವಿರಾಮಕ್ಕೆ ಹೋಗುತ್ತಾ ಬರುತ್ತಾ ಇರುತ್ತಾರೆ. ನೀವು ಏಳುವ ಹೊತ್ತಿಗೆ ನಿಮ್ಮನ್ನು ಆಡಿಸಿದವರೇ ಅಲ್ಲಿರುವುದಿಲ್ಲ. ದುಡ್ಡು ಹಂಚಿಕೆಯಲ್ಲಿ ಅವರಿಗೂ ಸೇರಬಹುದು, ಕೊಟ್ಟವರು ಯಾರು ಅಂತ ಮಾತ್ರ ತಿಳಿಯುವುದಿಲ್ಲ.

ಎರಡನೇ ರಾತ್ರಿ ದಾರಿ ಬದಲಾಯಿಸಿದೆ. ಅವರ ಪರವಾಗಿ ಪಾಸ್ ಲೈನ್‌ಗೆ ಕಟ್ಟುವುದು. ನಮ್ಮ ಚಿಪ್ಸ್ ಪಕ್ಕದಲ್ಲೇ ಒಂದು ಕೆಂಪು ಚಿಪ್ ಇಟ್ಟು ಇದು ಡೀಲರ್‌ಗಳದ್ದು ಅಂತ ಹೇಳಬೇಕು. ನಾನು ಆಡಿದ ಮೇಜುಗಳಲ್ಲಿ ಟಿಪ್ಸ್‌ಗಾಗಿ ಕಟ್ಟುವಾಗ ಕನಿಷ್ಠದ ಲೆಕ್ಕ ಕೇಳಲಿಲ್ಲ, ಐದು ಡಾಲರ್ ನಡೆಯಿತು. ಆ ಒಂದು ಚಿಪ್ ಇಟ್ಟ ಕೂಡಲೇ ಮೇಜಿನ ಗಾಳಿಯೇ ಬದಲಾಯಿತು. ಸ್ಟಿಕ್‌ಮನ್ ಜೋರಾಗಿ ಕೂಗಿ ಹೇಳಿದ, ಇಬ್ಬರು ಡೀಲರ್‌ಗಳೂ ತಲೆ ಎತ್ತಿ ಥ್ಯಾಂಕ್ಸ್ ಅಂದರು. ಈಗ ಅವರೂ ನನ್ನ ಕಡೆ. ಪಾಯಿಂಟ್ ನಾಲ್ಕು ಬಿತ್ತು. ಬರುವುದು ಕಷ್ಟದ ಸಂಖ್ಯೆ. ನಾನು ಅವರ ಚಿಪ್ ಹಿಂದೆಯೂ ಐದು ಡಾಲರ್ ಆಡ್ಸ್ ಇಟ್ಟೆ. ಅದನ್ನು ನೋಡಿ ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಬಾಕ್ಸ್‌ಮನ್ ಕೂಡ ಹುಬ್ಬೇರಿಸಿದ. ಆರೇಳು ಗರ ಆದ ಮೇಲೆ ಮೂರು-ಒಂದು ಬಿತ್ತು. ಲೈನ್‌ಗೆ ಐದು, ಆಡ್ಸ್‌ಗೆ ಒಂದಕ್ಕೆ ಎರಡರಂತೆ ಹತ್ತು, ಇಟ್ಟ ಚಿಪ್ಸ್ ಎರಡೂ ಸೇರಿ ಅವರ ಡಬ್ಬಿಗೆ 25 ಡಾಲರ್. ನನ್ನ ಕೈಯಿಂದ ಹೋಗಿದ್ದು ಹತ್ತು.

ಲೆಕ್ಕಕ್ಕೆ ಬಂದರೆ ಪಾಸ್ ಲೈನ್‌ನಲ್ಲಿ ಕ್ಯಾಸಿನೋ ಪಾಲು ನೂರಕ್ಕೆ 1.41. ಅಂದರೆ ಐದು ಡಾಲರ್ ಕಟ್ಟಿದರೆ ಸರಾಸರಿಯಲ್ಲಿ ಏಳು ಸೆಂಟ್ ಕ್ಯಾಸಿನೋಗೆ ಹೋಗಿ ಉಳಿದದ್ದು ಡೀಲರ್‌ಗಳಿಗೆ. ಈ ಏಳು ಸೆಂಟ್ ನನಗೆ ಜಾಸ್ತಿ ಅನ್ನಿಸಲಿಲ್ಲ.

ಮೂರನೆಯದು ಎಲ್ಲರಿಗೂ ಇಷ್ಟವಾದದ್ದು, ನನಗೆ ಸುಮ್ನೆ ದುಡ್ಡು ಚೆಲ್ಲಿದ ಹಾಗೆ ಕಂಡದ್ದು. ಟೂ ವೇ ಯೋ. ನನಗೊಂದು ಡಾಲರ್, ಅವರಿಗೊಂದು ಡಾಲರ್, ಮುಂದಿನ ಗರ 11 ಅಂತ. ಇಲೆವೆನ್ ಅನ್ನುವುದು ಗದ್ದಲದಲ್ಲಿ ಸೆವೆನ್ ಅಂತ ಕೇಳಿಸುತ್ತದೆ, ಅದಕ್ಕೇ ಯೋ. ಬಿದ್ದರೆ ಒಂದಕ್ಕೆ 15. ಬೀಳುವ ಸಾಧ್ಯತೆ 18ರಲ್ಲಿ ಒಂದು. ನ್ಯಾಯವಾಗಿ ಒಂದಕ್ಕೆ 17 ಕೊಡಬೇಕಿತ್ತು, ಹಾಗಾಗಿ ಕ್ಯಾಸಿನೋ ಪಾಲು ನೂರಕ್ಕೆ 11. ಒಂದೇ ರಾತ್ರಿ 20 ಸಲ ಹಾಕಿದೆ. ಬಂದಿದ್ದು ಒಂದೇ ಸಲ. ಬಂದಾಗ ಇಡೀ ಮೇಜು ಕುಣಿಯಿತು, ಅದು ನಿಜ. ಆದರೆ ಅಷ್ಟೇ 20 ಡಾಲರ್ ನೇರ ಕೊಟ್ಟಿದ್ದರೆ 20 ಸಿಗುತ್ತಿತ್ತು, ಸಿಕ್ಕಿದ್ದು ಇಟ್ಟ ಒಂದು ಡಾಲರೂ ಸೇರಿ 16. ಹಾರ್ಡ್‌ವೇ ಇದಕ್ಕಿಂತ ಸ್ವಲ್ಪ ವಾಸಿ. ಹಾರ್ಡ್ ಎಂಟು ಅಂದರೆ ನಾಲ್ಕು-ನಾಲ್ಕೇ ಬೀಳಬೇಕು. ಒಂದಕ್ಕೆ ಒಂಬತ್ತು, ಕ್ಯಾಸಿನೋ ಪಾಲು ನೂರಕ್ಕೆ 9. ಒಂದು ಗುಣವಿದೆ: ಬರೀ ಒಂದು ಡಾಲರ್‌ನಲ್ಲಿ ಆಗುತ್ತದೆ, ಗೆಲ್ಲುತ್ತಾ ಸೋಲುತ್ತಾ ಇರುವವರಿಗೆ ಭಾರವಲ್ಲ.

ನಾಲ್ಕನೆಯದನ್ನು ಪಕ್ಕದಲ್ಲಿ ಆಡುತ್ತಿದ್ದ ಒಬ್ಬ ಮುದುಕಪ್ಪ ಹೇಳಿಕೊಟ್ಟ. 6 ಅಥವಾ 8ರ ಮೇಲೆ ನಿಮ್ಮದು 12 ಡಾಲರ್ ಇದೆ ಅನ್ನಿ. ಅದರ ಮೇಲೇ ಆರು ಡಾಲರ್ ಏರಿಸಿ, "ಮೇಲಿನದು ಡೀಲರ್‌ಗಳಿಗೆ, ಕಂಟ್ರೋಲ್ ನನ್ನದು" ಅನ್ನಬೇಕು. ಆ ಸಂಖ್ಯೆ ಬಿದ್ದರೆ 18ಕ್ಕೆ 21 ಬರುತ್ತದೆ. ನಿಮಗೆ 14, ಅವರಿಗೆ 7. ಇಟ್ಟ ಆರು ಅಲ್ಲೇ ಇರುತ್ತದೆ, ಮತ್ತೆ ಬಿದ್ದರೆ ಮತ್ತೆ 7. ಕೆಲವು ಕಡೆ ಡೀಲರ್‌ಗಳಿಗೆ ಅಂತ ಕಟ್ಟಿದ್ದು ಗೆದ್ದರೆ ಪೂರ್ತಿ ಎತ್ತಿಕೊಳ್ಳಲೇಬೇಕು, ಮುಂದುವರಿಸುವ ಹಾಗಿಲ್ಲ. ಕಂಟ್ರೋಲ್ ನನ್ನದು ಅಂದಾಗ ಆ ತೊಡಕಿಲ್ಲ. ಒಂದು ಸಲ ಒಬ್ಬ ಹುಡುಗಿ ದಾಳ ಎಸೆಯುತ್ತಾ ಇರುವಾಗ ನಾಲ್ಕು ಸಲ ಆರು ಬಿತ್ತು. ನನ್ನ ಆರು ಡಾಲರ್‌ನಿಂದ ಡಬ್ಬಿಗೆ 28. ಆಮೇಲೆ 7 ಬಂದು ಎಲ್ಲಾ ಗುಡಿಸಿಕೊಂಡು ಹೋಯಿತು ಅನ್ನಿ. ಇಲ್ಲಿ ಕ್ಯಾಸಿನೋ ಪಾಲು 1.52, ಪಾಸ್ ಲೈನ್‌ಗೆ ಹತ್ತಿರ ಹತ್ತಿರ.

ನನ್ನ ಓಟು ಎರಡನೆಯದಕ್ಕೆ. ಆಟ ಚೆನ್ನಾಗಿ ನಡೆಯುತ್ತಿದ್ದರೆ ನಾಲ್ಕನೆಯದಕ್ಕೆ. ಈಗ ಮುನ್ನೂರು ತಂದರೆ 25 ಡಾಲರನ್ನು ಮೊದಲೇ ಚಿಪ್ಸ್ ಜೋಡಿಸುವ ಗೂಡಿನ ಇನ್ನೊಂದು ಸಾಲಿಗೆ ತೆಗೆದಿಡುತ್ತೇನೆ. ಅದು ನನ್ನದಲ್ಲ. ಸೋತರೂ ಗೆದ್ದರೂ ಅದು ಖರ್ಚಾಗಬೇಕು, ಅವರ ಹೆಸರಿನಲ್ಲೇ. ಡ್ರಿಂಕ್ಸ್ ತಂದುಕೊಡುವವರ ಲೆಕ್ಕ ಬೇರೆ, ಅವರಿಗೆ ಒಂದು ಗ್ಲಾಸಿಗೆ ಒಂದೆರಡು ಡಾಲರ್.

ಟಿಪ್ಸ್ ಕೊಟ್ಟ ಮಾತ್ರಕ್ಕೆ ಎಲ್ಲಾ ಮಾಫ್ ಆಗುವುದಿಲ್ಲ. ನೂರು ಡಾಲರ್‌ನ ಕಪ್ಪು ಚಿಪ್ ಎಸೆದು, ಆಮೇಲೆ ಸೋತಾಗೆಲ್ಲಾ ಡೀಲರ್‌ಗೆ ಬೈಯುತ್ತಿದ್ದ ಒಬ್ಬನನ್ನು ನೋಡಿದ್ದೇನೆ. ಚಿಪ್ ತೆಗೆದುಕೊಂಡರು, ಥ್ಯಾಂಕ್ಸ್ ಅಂದರು, ಯಾರೂ ನಗಲಿಲ್ಲ. ಅದೇ ಮೇಜಿನ ಆ ತುದಿಯಲ್ಲಿ ಒಂದೊಂದೇ ಡಾಲರ್ ಕಟ್ಟುತ್ತಿದ್ದ ಅಜ್ಜಿ ಏಳುವಾಗ ಮೂವರೂ ಗುಡ್‌ನೈಟ್ ಹೇಳಿದರು.

ನಾನೂ ಸಾಚಾ ಏನಲ್ಲ. ಎರಡನೇ ಪ್ರವಾಸದಲ್ಲಿ, ಸ್ಟಿಕ್‌ಮನ್ ದಾಳ ತಳ್ಳಿ ಆದ ಮೇಲೆ, ಕೊನೇ ಗಳಿಗೆಯಲ್ಲಿ ಚಿಪ್ ಇಡಲು ಕೈ ಚಾಚಿದೆ. ದಾಳ ಹಾರಿ ಬಂದು ನನ್ನ ಮುಂಗೈಗೆ ಬಡಿದು ಉರುಳಿತು. ಏಳು. ಹದಿನಾಲ್ಕು ಜನ ಒಟ್ಟಿಗೆ ನನ್ನ ಕಡೆ ನೋಡಿದರು. ಕೈಗೆ ತಾಗಿದರೆ ಏಳು ಬರುತ್ತದೆ ಅನ್ನುವುದು ಬರೀ ನಂಬಿಕೆ, ಆದರೆ ಅವತ್ತು ಆ ವಾದ ಮಾಡಲು ನನಗೆ ಧೈರ್ಯ ಬರಲಿಲ್ಲ. ದಾಳ ಹೊರಟಿತು ಅಂದರೆ ಕೈ ಮೇಲೆ, ಗ್ಲಾಸು ಮೇಜಿನ ಅಂಚಿನಿಂದ ಆಚೆ. ಎಸೆಯುವಾಗ ಒಂದೇ ಕೈ, ದಾಳ ಎಲ್ಲರಿಗೂ ಕಾಣಬೇಕು, ಆ ಕಡೆಯ ಗೋಡೆಗೆ ಬಡಿಯಬೇಕು. ಚೌಕಾಬಾರ ಆಡುವಾಗ ನಮ್ಮಜ್ಜಿ ಕವಡೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಗಲಗಲ ಅಲುಗಾಡಿಸುತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ ಬಾಕ್ಸ್‌ಮನ್ ಎದ್ದು ನಿಲ್ಲುತ್ತಾನೆ.

ಡೋಂಟ್ ಪಾಸ್‌ಗೂ ಒಂದು ರಾತ್ರಿ ಕಟ್ಟಿ ನೋಡಿದೆ, ಅಂದರೆ ಶೂಟರ್ ಸೋಲಲಿ ಅಂತ. ಕ್ಯಾಸಿನೋ ಪಾಲು 1.36, ಕೂದಲೆಳೆಯಷ್ಟು ಕಮ್ಮಿ. ಎಲ್ಲರೂ ಸೋತಾಗ ನಾನು ಗೆದ್ದೆ. ಶಕುನಿ ಬಂದು ನಿಂತಿದ್ದಾನೆ ಅನ್ನುವ ಹಾಗೆ ನೋಡಿದರು. ಅಲ್ಲಿ ಗೆದ್ದರೆ ಬಾಯಿ ಮುಚ್ಚಿಕೊಂಡು ಚಿಪ್ಸ್ ಎತ್ತಿಕೊಳ್ಳಬೇಕು, ಅಷ್ಟೇ.

ಇದ್ಯಾವ ರಗಳೆಯೂ ಬೇಡ ಅನ್ನುವವರಿಗೆ ಬಬಲ್ ಕ್ರ್ಯಾಪ್ಸ್ ಇದೆ. ಗಾಜಿನ ಗುಮ್ಮಟದೊಳಗೆ ದಾಳ ತಾನೇ ಕುಣಿಯುತ್ತದೆ, ಗುಂಡಿ ಒತ್ತಿದರಾಯಿತು. ಕಮ್ಮಿ ದುಡ್ಡಿಗೆ ಆಡಬಹುದು, ಟಿಪ್ಸ್ ಇಲ್ಲ, ಬೈಗುಳ ಇಲ್ಲ. ಆಟ ಕಲಿಯಲು ಒಳ್ಳೆಯದು. ನನಗೆ ಅರ್ಧ ಗಂಟೆಯಲ್ಲಿ ಬೇಜಾರಾಯಿತು.

ಕಳೆದ ಸಲದ ಕೊನೇ ರಾತ್ರಿ ಭಾವನಿಗೆ ಹೇಳಿದೆ, "ಒಂದು ಸಲ ಆಟ ನಡೀತಾ ಇರುವಾಗ್ಲೇ ಕೊಟ್ಟು ನೋಡಿ ಭಾವ." ಗೊಣಗುತ್ತಲೇ ಒಂದು ಬಿಳಿ ಚಿಪ್ ತೆಗೆದು ಸ್ಟಿಕ್‌ಮನ್ ಕಡೆ ಹಾಕಿದರು. ಹಾರ್ಡ್ ಎಂಟು, ಡೀಲರ್‌ಗಳಿಗೆ. ದಾಳ ಹೋಗಿ ಗೋಡೆಗೆ ಬಡಿದು ನಿಂತಿತು. ಐದು-ಮೂರು. "ಎಂಟು ಬಂತಲ್ಲೋ!" ಅಂತ ಭಾವ ಕೂಗಿದರು. ಸ್ಟಿಕ್‌ಮನ್ ಏನೂ ಹೇಳದೆ, ಆ ಬಿಳಿ ಚಿಪ್ಪನ್ನು ಮೆಲ್ಲಗೆ ಎತ್ತಿ ಬಾಕ್ಸ್‌ಮನ್ ಕಡೆ ಸರಿಸಿದ.