ಕರಾಟೆ, ಕ್ರಾವ್ ಮಗಾ, ಪೆಪ್ಪರ್ ಸ್ಪ್ರೇ: ಮೂರನ್ನೂ ಮಾಡಿ ನೋಡಿದ ಮೇಲೆ

ಎರಡು ವರ್ಷದ ಹಿಂದೆ ಮೈಸೂರಿನ ಸಿಟಿ ಬಸ್ಸಿನಲ್ಲಿ ಒಬ್ಬ ನನ್ನ ಸೊಂಟಕ್ಕೆ ಕೈ ಹಾಕಿದ. ನಾನು ಏನೂ ಮಾಡಲಿಲ್ಲ. ಬಾಯಿ ಒಣಗಿತ್ತು, ಕಾಲು ಮರಗಟ್ಟಿತ್ತು. ಅಗ್ರಹಾರದಲ್ಲಿ ಅವನು ಆರಾಮಾಗಿ ಇಳಿದು ಹೋದ. ಭಯವಾದಾಗ ಮೈ ಹೀಗೆ ನಿಂತುಬಿಡುವುದು ಎಷ್ಟೋ ಜನರಿಗೆ ಆಗುತ್ತದೆ, ಅದು ಹೇಡಿತನವಲ್ಲ ಅಂತ ನನಗೆ ಗೊತ್ತಾಗಿದ್ದು ಬಹಳ ದಿನ ಆದ ಮೇಲೆ. ಆ ರಾತ್ರಿ ಮಾತ್ರ ಏನಾದರೂ ಕಲಿಯಲೇಬೇಕು ಅನ್ನಿಸಿತು.

ಮೊದಲು ಸೇರಿದ್ದು ಕರಾಟೆಗೆ. ಮನೆ ಹತ್ತಿರದ ಕಲ್ಯಾಣ ಮಂಟಪದ ಹಾಲ್, ಬೆಳಗ್ಗೆ 6ಕ್ಕೆ ಕ್ಲಾಸು, ತಿಂಗಳಿಗೆ 800 ರೂಪಾಯಿ. ಸುತ್ತ ಪೂರ್ತಿ ಶಾಲೆ ಮಕ್ಕಳು, ದೊಡ್ಡವರು ನಾವು ಇಬ್ಬರೇ. ಮೊದಲ ತಿಂಗಳು ಕುದುರೆ ಮೇಲೆ ಕೂತ ಹಾಗೆ ಕಾಲು ಅಗಲಿಸಿ ನಿಲ್ಲುವುದರಲ್ಲೇ ತೊಡೆ ಉರಿದುಹೋಯಿತು. ಏಳು ತಿಂಗಳಿಗೆ ಹಳದಿ ಬೆಲ್ಟ್ ಬಂತು. ಬೆಲ್ಟಿಗಿಂತ ದೊಡ್ಡದು ಇನ್ನೊಂದು ಸಿಕ್ಕಿತು: ಮುಖದ ಕಡೆ ಮುಷ್ಟಿ ಬಂದರೆ ಈಗ ಕಣ್ಣು ಮುಚ್ಚುವುದಿಲ್ಲ. ಇದನ್ನು ಎರಡು ದಿನದಲ್ಲಿ ಯಾರೂ ಕಲಿಸಲಾರರು.

ಆದರೆ ಒಂದು ಭಾನುವಾರ ನನ್ನ ತಮ್ಮನಿಗೆ ಹೇಳಿದೆ, "ಕೈ ಹಿಡ್ಕೋ, ಬಿಡಬೇಡ." ಹಿಡಿದವರ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಎಳೆಯಬೇಕು, ಹಿಡಿತ ಸಡಿಲ ಇರುವುದು ಅಲ್ಲೇ. ಕ್ಲಾಸಿನಲ್ಲಿ ಪ್ರತಿ ಸಲ ಬಿಡಿಸಿಕೊಂಡಿದ್ದೆ. ಅವನು ಬಿಡಲೇ ಇಲ್ಲ. ಜೊತೆಯವರು ಇಷ್ಟು ದಿನ ನನಗಾಗಿ ಸ್ವಲ್ಪ ಸಡಿಲ ಬಿಡುತ್ತಿದ್ದರು ಅಂತ ಆಗ ಅರ್ಥವಾಯಿತು.

ಕ್ರಾವ್ ಮಗಾಗೆ ಹೋಗಲು ಇದೇ ಕಾರಣ. 1930ರ ದಶಕದಲ್ಲಿ ಯುರೋಪಿನ ಬ್ರಾಟಿಸ್ಲಾವಾ ನಗರದ ಬೀದಿಗಳಲ್ಲಿ ಯಹೂದಿಗಳ ಮೇಲೆ ದಾಳಿ ನಡೆಯುತ್ತಿದ್ದಾಗ ಇಮಿ ಲಿಕ್ಟೆನ್‌ಫೆಲ್ಡ್ ಎಂಬ ಕುಸ್ತಿಪಟು ಕಂಡುಕೊಂಡ ಪಟ್ಟುಗಳಿಂದ ಬೆಳೆದ ಆತ್ಮರಕ್ಷಣೆಯ ಪದ್ಧತಿ ಇದು. ಆಮೇಲೆ ಇಸ್ರೇಲ್ ಸೇನೆ ಅದನ್ನು ತೆಗೆದುಕೊಂಡಿತು. ನಾನು ಕಲಿತಿದ್ದು ಬೆಂಗಳೂರಿನಲ್ಲಿ, ಶನಿವಾರ-ಭಾನುವಾರದ ಶಿಬಿರದಲ್ಲಿ. ಫೀಸು 3,000.

ಅಲ್ಲಿ ಮೊದಲ ದಿನ ಮಧ್ಯಾಹ್ನದವರೆಗೆ ಒಂದು ಏಟನ್ನೂ ಕಲಿಸಲಿಲ್ಲ. ಎದುರಿಗೆ ಒಬ್ಬ ನಡೆದು ಬರುತ್ತಾನೆ. ನಾನು ಎರಡೂ ಅಂಗೈ ಎದೆ ಮಟ್ಟಕ್ಕೆ ಎತ್ತಿ, ಒಂದು ಕಾಲು ಹಿಂದಿಟ್ಟು, "ಹಿಂದೆ ಸರಿ!" ಅನ್ನಬೇಕು. ಅಷ್ಟೇ. ಮೊದಲ ಮೂರು ಸಲ ನನಗೆ ದನಿಯೇ ಹೊರಡಲಿಲ್ಲ. ಏಳು ತಿಂಗಳು ಕರಾಟೆಯಲ್ಲಿ 'ಕಿಯಾಯ್' ಅಂತ ಕೂಗಿದವಳು ನಾನು! ಆ ಕೂಗು ಸಾಲಾಗಿ ನಿಂತ ಎಲ್ಲರ ಜೊತೆ ಹೊರಡುತ್ತಿತ್ತು. ಇಲ್ಲಿ ಒಬ್ಬನ ಕಣ್ಣು ನೋಡಿ, ಕನ್ನಡದಲ್ಲಿ, ಒಬ್ಬಳೇ ಹೇಳಬೇಕಿತ್ತು. ನಾಲ್ಕನೇ ಸಲ ದನಿ ಬಂತು. ಕಣ್ಣಲ್ಲಿ ನೀರೂ ಬಂತು.

ಆಮೇಲೆ ಕಲಿಸಿದ ಏಟುಗಳು ನಾಲ್ಕೇ. ಮುಷ್ಟಿ ಬೇಡ, ಬೆರಳು ಮುರಿಯುತ್ತದೆ, ಅಂಗೈ ಬುಡದಿಂದ ಮೂಗಿಗೆ ಹೊಡೆಯಿರಿ ಅಂದರು. ಗಾಬರಿಯಲ್ಲಿ ಬೆರಳಿನ ನಾಜೂಕು ಕೆಲಸ ಕೈಕೊಡುತ್ತದೆ, ದೊಡ್ಡ ಚಲನೆ ಉಳಿಯುತ್ತದೆ. ಕುತ್ತಿಗೆವರೆಗೆ ಪ್ಯಾಡ್ ತೊಟ್ಟವರು ನಿಜವಾಗಿ ಹಿಡಿದು ಎಳೆಯುತ್ತಿದ್ದರು. ಇದರ ಕೊರತೆ ಒಂದೇ, ಆದರೆ ಸಣ್ಣದಲ್ಲ: ಅಭ್ಯಾಸ ಬಿಟ್ಟರೆ ಮರೆತುಹೋಗುತ್ತದೆ. ಎರಡು ತಿಂಗಳಾದ ಮೇಲೆ ಮಾಡಿ ನೋಡಿದರೆ ಅರ್ಧ ನೆನಪಿತ್ತು.

ಪೆಪ್ಪರ್ ಸ್ಪ್ರೇ ಕೊಂಡವರಲ್ಲಿ ಜಾಸ್ತಿ ಜನ ಅದನ್ನು ಒಂದು ಸಲವೂ ಒತ್ತಿರುವುದಿಲ್ಲ ಅನ್ನಿಸುತ್ತದೆ. ನಾನು ತಾರಸಿಯಲ್ಲಿ ಹಳೆ ಪೇಪರ್ ಕಟ್ಟಿ ಪರೀಕ್ಷೆ ಮಾಡಿದೆ. ಬ್ಯಾಗಿನ ತಳದಿಂದ ಹುಡುಕಿ, ಲಾಕ್ ತಿರುಗಿಸಿ, ಒತ್ತುವಷ್ಟರಲ್ಲಿ ಒಂಬತ್ತು ಸೆಕೆಂಡ್. ಕುರ್ತಾ ಜೇಬಿನಿಂದ ಮೂರು. ಗಾಳಿ ತಿರುಗಿ ನನ್ನ ಕಣ್ಣಿಗೂ ಬಂತು, ಹತ್ತಿಪ್ಪತ್ತು ನಿಮಿಷ ನೀರು ಹಾಕಿಕೊಳ್ಳುತ್ತ ಕೂತೆ. ತುಂಬಿದ ಬಸ್ಸಿನಲ್ಲಿ ಇದನ್ನು ಒತ್ತಿದರೆ ಪಕ್ಕದ ಮಗುವಿಗೂ ಅದೇ ಗತಿ, ಅಲ್ವಾ? ಡಬ್ಬಿ ಮೇಲೆ ಎಕ್ಸ್‌ಪೈರಿ ದಿನಾಂಕ ಇರುತ್ತದೆ, ನೋಡಿ.

ಕಾನೂನಿನ ಮಾತೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ನಮ್ಮನ್ನು ನಾವು ಕಾಪಾಡಿಕೊಳ್ಳುವ ಹಕ್ಕು ಕೊಡುತ್ತವೆ. ಆದರೆ ಅದಕ್ಕೆ ಬೇಕಾದಷ್ಟೇ, ಜಾಸ್ತಿ ಪೆಟ್ಟು ಮಾಡುವಂತಿಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಎಂದೇ ಕರೆದು, ಆತ್ಮರಕ್ಷಣೆಗೆ ಬಳಸಿದೆವು ಅಂದವರ ಮೇಲಿನ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಜಗಳ ಬಂತು ಅಂತ ಸುಮ್ನೆ ಒತ್ತುವ ವಸ್ತು ಅದಲ್ಲ.

ಹೋದ ಡಿಸೆಂಬರ್‌ನಲ್ಲಿ ಒಂದು ರಾತ್ರಿ 9ರ ಹೊತ್ತಿಗೆ ಬಸ್ಸಿಳಿದು ಬರುವಾಗ ಬೈಕಿನವನೊಬ್ಬ ಎರಡು ಸಲ ಸುತ್ತು ಹೊಡೆದು ಪಕ್ಕದಲ್ಲೇ ನಿಧಾನ ಮಾಡಿದ. ನನ್ನ ಕೈ ತಾನಾಗಿ ಮೇಲೆದ್ದಿತು. "ಏಯ್, ದೂರ ಹೋಗು!" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಕೂಗುತ್ತಲೇ ಮೆಡಿಕಲ್ ಸ್ಟೋರಿನ ಬೆಳಕಿಗೆ ನಡೆದೆ. ಅವನು ಹೊರಟುಹೋದ. ಒಂದು ಏಟೂ ಬೇಕಾಗಲಿಲ್ಲ.

ಅದಕ್ಕೇ ಕೇಳಿದವರಿಗೆಲ್ಲ ನಾನು ಮೊದಲು ಆ ಎರಡು ದಿನದ ಶಿಬಿರಕ್ಕೆ ಹೋಗಿ ಅನ್ನುತ್ತೇನೆ, ದನಿ ಬಿಡಿಸುವ ಶಿಬಿರವನ್ನೇ ಹುಡುಕಿ. ಆಮೇಲೆ ಕರಾಟೆಯೋ ಜೂಡೋನೋ, ವಾರಕ್ಕೆರಡು ದಿನ. ಸ್ಪ್ರೇ ಕೊನೆಗೆ, ಅದೂ ಜೇಬಿನಲ್ಲಿ. ಫೋನಿನ ಪವರ್ ಬಟನ್ ಬೇಗ ಬೇಗ ಒತ್ತಿದರೆ ತುರ್ತು ಸಹಾಯದ 112ಕ್ಕೆ ಕರೆ ಹೋಗುವ ವ್ಯವಸ್ಥೆ ಇರುತ್ತದೆ. ನಿಮ್ಮ ಫೋನಿನಲ್ಲಿ ಎಷ್ಟು ಸಲ ಒತ್ತಬೇಕು ಅಂತ ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ನೋಡಿಡಿ.

ಅಮ್ಮನಿಗೆ 61, ಮಂಡಿ ನೋವು. ಕರಾಟೆ ಆಗದ ಮಾತು. ಅವರಿಗೆ ಹೇಳಿಕೊಟ್ಟಿದ್ದು ಒಂದೇ: ಬೆಳಗ್ಗೆ ರಂಗೋಲಿ ಹಾಕುವಾಗ ಯಾರಾದರೂ ಬೈಕ್ ನಿಲ್ಲಿಸಿ ಅಡ್ರೆಸ್ ಕೇಳಿದರೆ ಹತ್ತಿರ ಹೋಗಬೇಡಿ, ಗೇಟಿನ ಒಳಗೆ ಬನ್ನಿ. ಸರಗಳ್ಳರಿಗೆ ಬೇಕಾಗಿರುವುದೇ ಆ ಒಂದು ಮಾರು ದೂರ. ಹೋದ ವಾರ ಒಬ್ಬ ಕೇಳಿದನಂತೆ. ಅಮ್ಮ ಚಿಲಕ ಹಾಕಿಕೊಂಡು, ಎದುರು ಮನೆಯವರು ಹೊರಗೆ ಬರುವಷ್ಟು ಜೋರಾಗಿ ಹೇಳಿದರಂತೆ, "ಅಲ್ಲೇ ನಿಂತು ಕೇಳಪ್ಪಾ, ನಂಗೆ ಕೇಳಿಸುತ್ತೆ!"